ಹೊಟ್ಟೆ ಇಳಿಯುವುದು ತಟ್ಟೆಯಲ್ಲಿ, ಗಟ್ಟಿಯಾಗುವುದು ಚಾಪೆಯ ಮೇಲೆ

ಕಳೆದ ಸಂಚಿಕೆಯಲ್ಲಿ ಬೆನ್ನುನೋವಿನ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟೆಯ ಬಗ್ಗೆಯೇ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರಿಗೂ ಹೊಟ್ಟೆ ಇಳಿಯಬೇಕು, ಅದೂ ಬೇಗ ಇಳಿಯಬೇಕು. ಫಿಸಿಯೋಥೆರಪಿಸ್ಟ್ ಆಗಿ ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯ ಸುತ್ತಳತೆ ಇಳಿಸುವುದು ಒಂದು ಕೆಲಸ, ಹೊಟ್ಟೆಯ ಸ್ನಾಯುಗಳಿಗೆ ಬಲ ತರುವುದು ಇನ್ನೊಂದು ಕೆಲಸ. ಮೊದಲನೆಯದು ಬಹುಪಾಲು ಊಟದಿಂದ ಆಗುತ್ತದೆ, ಎರಡನೆಯದು ವ್ಯಾಯಾಮದಿಂದ. ಒಂದನ್ನು ಮಾಡಿ ಇನ್ನೊಂದರ ಫಲಕ್ಕೆ ಕಾದು ಕುಳಿತವರು ಕೊನೆಗೆ ಎರಡನ್ನೂ ಕೈಬಿಡುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಅವರು ಪಟ್ಟ ಶ್ರಮ ಸುಳ್ಳಲ್ಲ.

ಪ್ರಶ್ನೆ: ನನಗೆ 43 ವರ್ಷ. ಉಪ್ಪಳದಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಕಚೇರಿ ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳಿನಿಂದ ಪ್ರತಿ ಬೆಳಿಗ್ಗೆ ಮಂಚದ ಅಡಿಗೆ ಪಾದ ಸಿಕ್ಕಿಸಿಕೊಂಡು ನೂರು ಸಿಟ್‌ಅಪ್ ಮಾಡುತ್ತಿದ್ದೇನೆ. ಹೊಟ್ಟೆ ಒಂದಿಷ್ಟೂ ಇಳಿದಿಲ್ಲ, ಸೊಂಟನೋವು ಮಾತ್ರ ಶುರುವಾಗಿದೆ. ಇನ್ನೂರಕ್ಕೆ ಏರಿಸಬೇಕೇ?
— ಓದುಗ, ಉಪ್ಪಳ

ಉತ್ತರ: ಏರಿಸಬೇಡಿ. ನಾಳೆಯಿಂದ ಆ ನೂರನ್ನೂ ನಿಲ್ಲಿಸಿ.

ಹೊಟ್ಟೆಯ ಸ್ನಾಯು ದುಡಿದರೆ ಅದರ ಮೇಲಿರುವ ಕೊಬ್ಬೇ ಕರಗಬೇಕು ಎಂಬ ನಿಯಮ ದೇಹಕ್ಕಿಲ್ಲ. ಶಕ್ತಿ ಬೇಕಾದಾಗ ದೇಹ ಎಲ್ಲ ಕಡೆಯ ಸಂಗ್ರಹದಿಂದಲೂ ಕೊಬ್ಬನ್ನು ಬಿಡಿಸಿ ರಕ್ತದ ಮೂಲಕ ಸ್ನಾಯುಗಳಿಗೆ ಕಳುಹಿಸುತ್ತದೆ. ಮೊದಲು ಎಲ್ಲಿಂದ ತೆಗೆಯಬೇಕು ಎನ್ನುವುದು ನಿಮ್ಮ ವಂಶವಾಹಿ ಮತ್ತು ಹಾರ್ಮೋನುಗಳಿಗೆ ಬಿಟ್ಟದ್ದು. ಅದೂ ಅಲ್ಲದೆ ಸಿಟ್‌ಅಪ್‌ಗೆ ಖರ್ಚಾಗುವ ಶಕ್ತಿಯೇ ಅಲ್ಪ. ನೂರು ಸಿಟ್‌ಅಪ್‌ಗೆ 30 ಕ್ಯಾಲೊರಿಯ ಆಸುಪಾಸು ಎಂದಿಟ್ಟುಕೊಳ್ಳಿ. ಎರಡು ಚಮಚ ಸಕ್ಕರೆ ಹಾಕಿದ ಒಂದು ಲೋಟ ಚಹಾದಲ್ಲಿ ಸಕ್ಕರೆಯದ್ದೇ ಸುಮಾರು 40 ಕ್ಯಾಲೊರಿ ಇರುತ್ತದೆ, ಹಾಲಿನದ್ದು ಬೇರೆ. ನಿಮ್ಮ ಪತ್ರದಲ್ಲಿ ಸಿಟ್‌ಅಪ್‌ನ ಲೆಕ್ಕ ಇದೆ, ಚಹಾದ ಲೆಕ್ಕ ಇಲ್ಲ. ಊಟದ ಮಾತಂತೂ ಇಲ್ಲವೇ ಇಲ್ಲ. ನಾಲ್ಕು ತಿಂಗಳು ಬೆಳಿಗ್ಗೆ ಬೇಗ ಎದ್ದು ಬೆವರು ಸುರಿಸಿದ ಮನುಷ್ಯನಿಗೆ ಈ ಒಂದು ವಿಷಯವನ್ನು ಯಾರೂ ಹೇಳಲಿಲ್ಲವಲ್ಲ ಎಂದು ನಿಜಕ್ಕೂ ನೊಂದುಕೊಂಡೆ.

ಸೊಂಟನೋವಿಗೂ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಾದವನ್ನು ಮಂಚದ ಅಡಿಗೆ ಸಿಕ್ಕಿಸಿಕೊಂಡು ಏಳುವಾಗ ಹೆಚ್ಚಿನ ಕೆಲಸ ಮಾಡುವುದು ಹೊಟ್ಟೆಯ ಸ್ನಾಯು ಅಲ್ಲ, ತೊಡೆಯಿಂದ ಹೊರಟು ಸೊಂಟದ ಕಶೇರುಗಳಿಗೆ ಅಂಟಿಕೊಂಡಿರುವ ಆಳದ ಸ್ನಾಯು. ಅದು ಎಳೆದಾಗಲೆಲ್ಲ ಬೆನ್ನುಮೂಳೆಯ ಕೆಳಭಾಗದ ಮೇಲೆ ಒತ್ತಡ ಬೀಳುತ್ತದೆ. ಬೆನ್ನು ಬಾಗಿರುವಾಗಲೇ ಆ ಒತ್ತಡ ಬೀಳುವುದರಿಂದ ಕಶೇರುಗಳ ನಡುವಿನ ಡಿಸ್ಕ್‌ಗೆ ಅದು ಒಳ್ಳೆಯದಲ್ಲ. ದಿನವಿಡೀ ಕುರ್ಚಿಯಲ್ಲಿ, ರೈಲಿನಲ್ಲಿ ಬಾಗಿ ಕುಳಿತಿರುವ ನಿಮ್ಮ ಬೆನ್ನಿಗೆ ಬೆಳಿಗ್ಗೆ ಎದ್ದ ಕೂಡಲೇ ಇನ್ನೂ ನೂರು ಸಲ ಬಾಗುವ ಕೆಲಸ ಬೇಕಾಗಿಲ್ಲ. ಅಮೆರಿಕದ ಸೈನ್ಯ 2022ರಲ್ಲಿ ಅಧಿಕೃತವಾಗಿ ಜಾರಿಗೆ ತಂದ ದೈಹಿಕ ಪರೀಕ್ಷೆಯಲ್ಲಿ ಸಿಟ್‌ಅಪ್ ಇರಲಿಲ್ಲ, ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್ ಇತ್ತು.

ಬದಲಿಗೆ ಏನು ಮಾಡಬೇಕು? ಬೆನ್ನುಮೂಳೆಯ ಮೇಲೆ ಬೀಳುವ ಭಾರವನ್ನು ದಶಕಗಳ ಕಾಲ ಅಳೆದು ನೋಡಿದ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಸ್ಟುವರ್ಟ್ ಮೆಕ್‌ಗಿಲ್ ಮೂರು ವ್ಯಾಯಾಮಗಳನ್ನು ಸೂಚಿಸಿದ್ದಾರೆ. ನನ್ನ ಬಳಿಗೆ ಬರುವವರಿಗೂ ನಾನು ಮೊದಲು ಕಲಿಸುವುದು ಇವನ್ನೇ.

ಒಂದನೆಯದಕ್ಕೆ ಅಂಗಾತ ಮಲಗಿ. ಒಂದು ಮೊಣಕಾಲು ಮಡಚಿರಲಿ, ಇನ್ನೊಂದು ಕಾಲು ನೇರವಾಗಿರಲಿ. ಸೊಂಟದ ಹಿಂದೆ ನೆಲಕ್ಕೆ ತಾಗದೆ ಉಳಿಯುವ ಟೊಳ್ಳಿನಲ್ಲಿ ಎರಡೂ ಅಂಗೈಗಳನ್ನು ತೂರಿಸಿಡಿ. ಬೆನ್ನನ್ನು ನೆಲಕ್ಕೆ ಒತ್ತಬೇಡಿ, ಆ ಟೊಳ್ಳು ಹಾಗೆಯೇ ಉಳಿಯಬೇಕು. ಈಗ ತಲೆ ಮತ್ತು ಹೆಗಲನ್ನು ನೆಲದಿಂದ ಒಂದಿಷ್ಟೇ ಎತ್ತಿ. ತಲೆಯ ಅಡಿಯಲ್ಲಿ ಒಂದು ತೆಳು ಪುಸ್ತಕ ಜಾರಿಸುವಷ್ಟು ಜಾಗವಾದರೆ ಸಾಕು. ಗಲ್ಲ ಎದೆಗೆ ಒತ್ತಬಾರದು, ಉಸಿರು ಕಟ್ಟಬಾರದು. ಹತ್ತು ಸೆಕೆಂಡು ಹಿಡಿದು ಇಳಿಸಿ. ನೋಡುವವರಿಗೆ ನೀವು ಏನೂ ಮಾಡಿದಂತೆ ಕಾಣುವುದಿಲ್ಲ, ಆದರೆ ಸರಿಯಾಗಿ ಮಾಡಿದರೆ ನಾಲ್ಕನೆಯ ಸಲಕ್ಕೆ ಹೊಟ್ಟೆ ನಡುಗುತ್ತದೆ. ಎರಡನೆಯದಕ್ಕೆ ಮಗ್ಗುಲಾಗಿ ಮಲಗಿ, ಮೊಣಕೈ ಊರಿ, ಮೊಣಕಾಲು ಮಡಚಿ, ಸೊಂಟವನ್ನು ನೆಲದಿಂದ ಎತ್ತಿ ಹಿಡಿಯಿರಿ. ಎರಡೂ ಮಗ್ಗುಲಿಗೆ ಮಾಡಬೇಕು. ಮೂರನೆಯದಕ್ಕೆ ಅಂಬೆಗಾಲಿನ ಭಂಗಿಯಲ್ಲಿ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ಹಿಡಿಯಿರಿ, ಮತ್ತೆ ಬದಲಾಯಿಸಿ. ಬೆನ್ನಿನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು. ಪ್ರತಿಯೊಂದನ್ನೂ ಹತ್ತು ಸೆಕೆಂಡಿನಂತೆ ಆರು ಸಲ, ಸ್ವಲ್ಪ ಸುಧಾರಿಸಿಕೊಂಡು ನಾಲ್ಕು ಸಲ, ಮತ್ತೆ ಎರಡು ಸಲ ಮಾಡಿ. ಎದ್ದ ಕೂಡಲೇ ಬೇಡ, ಒಂದು ಗಂಟೆ ಓಡಾಡಿದ ಮೇಲೆ ಮಾಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಪಾದ ಮರಗಟ್ಟುತ್ತಿದ್ದರೆ ಇವನ್ನೂ ಶುರುಮಾಡುವ ಮೊದಲು ವೈದ್ಯರಿಗೆ ತೋರಿಸಿ.

ಇನ್ನು ಸುತ್ತಳತೆಯ ವಿಚಾರ. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆಯಾದರೆ ತಿಂಗಳಿಗೆ ಒಂದು ಕಿಲೊದ ಆಸುಪಾಸು ಇಳಿಯುತ್ತದೆ. ಆ 300 ಎಲ್ಲಿಂದ ಬರಬೇಕು ಎನ್ನುವುದನ್ನು ನೀವೇ ಹುಡುಕಬೇಕು. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಕಿಸೆಯ ಪುಸ್ತಕದಲ್ಲಿ ಬರೆಯಿರಿ, ರೈಲ್ವೆ ನಿಲ್ದಾಣದ ಚಹಾ, ಸಂಜೆಯ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪಳಂಪೊರಿ, ಸಹೋದ್ಯೋಗಿ ಹಂಚಿದ ನೇಂದ್ರ ಚಿಪ್ಸ್, ಯಾವುದನ್ನೂ ಬಿಡದೆ. ರೈಲು ಹಿಡಿದು ಮನೆ ಸೇರುವಾಗ ತಡವಾಗಿ, ಹಸಿದು ಕಂಗಾಲಾಗಿ ರಾತ್ರಿ ಎರಡು ಪಾಲು ಅನ್ನ ಉಣ್ಣುವವರನ್ನು ನಾನು ಬಹಳ ಕಂಡಿದ್ದೇನೆ. ನೀವೂ ಹಾಗಿದ್ದರೆ ಸಂಜೆ ರೈಲು ಹತ್ತುವ ಮೊದಲು ಬೇಯಿಸಿದ ಕಡಲೆಯನ್ನೋ ಒಂದು ಮೊಟ್ಟೆಯನ್ನೋ ತಿನ್ನಿ, ರಾತ್ರಿಯ ಹಸಿವು ತಾನಾಗಿ ಹತೋಟಿಗೆ ಬರುತ್ತದೆ. ನಿಲ್ದಾಣದಿಂದ ಕಚೇರಿಗೆ ಆಟೋ ಬಿಟ್ಟು ಬಿರುಸಾಗಿ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಕೆಲಸದ ದಿನಗಳಲ್ಲಿ ಹೋಗುತ್ತಾ ಬರುತ್ತಾ ಹದಿನೈದು ಹದಿನೈದು ನಿಮಿಷ ನಡೆದರೆ ಅಷ್ಟು ಆಗಿಹೋಗುತ್ತದೆ.

ತೂಕದ ಯಂತ್ರಕ್ಕಿಂತ ಟೇಪನ್ನು ನಂಬಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟು ನೋಡಿ. ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕು. ಎರಡು ವಾರಕ್ಕೊಮ್ಮೆ ಅಳೆದರೆ ಸಾಕು.

ಪ್ರಶ್ನೆ: ಎರಡನೆಯ ಹೆರಿಗೆಯಾಗಿ ಏಳು ತಿಂಗಳಾಯಿತು, ಸಹಜ ಹೆರಿಗೆ. ಹೊಟ್ಟೆ ಇನ್ನೂ ಬಸುರಿಯಂತೆ ಮುಂದಕ್ಕೆ ಇದೆ. ಹಾಸಿಗೆಯಿಂದ ಏಳುವಾಗ ಹೊಕ್ಕುಳಿನ ಮೇಲೆ ಉದ್ದಕ್ಕೆ ಒಂದು ಏಣು ಎದ್ದು ನಿಲ್ಲುತ್ತದೆ. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಕಟ್ಟದೆ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ. ಮಗುವಿಗೆ ಹಾಲುಣಿಸುತ್ತಿದ್ದೇನೆ. ರಾತ್ರಿ ಅನ್ನ ಬಿಟ್ಟು ಬರೀ ಹಣ್ಣು ತಿನ್ನುತ್ತಿದ್ದೇನೆ.
— ಗೃಹಿಣಿ, ಪೆರ್ಲ

ಉತ್ತರ: ಇವತ್ತು ರಾತ್ರಿ ಅನ್ನ ಉಣ್ಣಿ. ಮಿಕ್ಕದ್ದೆಲ್ಲ ಆಮೇಲೆ.

ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಅನಂತರದ ಆರು ತಿಂಗಳು 520 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಿಗದಿ ಮಾಡಿದೆ. ನೀವು ಬೇಕಾದದ್ದಕ್ಕಿಂತ ಹೆಚ್ಚು ತಿಂದು ಹೊಟ್ಟೆ ಬಂದದ್ದಲ್ಲ. ಉಪವಾಸದಿಂದ ಅದು ಹೋಗುವುದೂ ಇಲ್ಲ.

ನೀವು ವಿವರಿಸಿದ ಆ ಏಣು ನನಗೆ ಬಹಳ ಪರಿಚಿತ. ಹೊಟ್ಟೆಯ ಮುಂಭಾಗದಲ್ಲಿ ಎದೆಯಿಂದ ಕೆಳಗಿನವರೆಗೆ ಎರಡು ಉದ್ದನೆಯ ಸ್ನಾಯುಗಳಿವೆ. ಅವೆರಡನ್ನೂ ನಡುವೆ ಒಂದು ಗಟ್ಟಿ ಪೊರೆ ಹಿಡಿದಿಟ್ಟಿರುತ್ತದೆ. ಎರಡು ಸೀರೆಯ ತುಂಡುಗಳನ್ನು ಕೂಡಿಸಿದ ಹೊಲಿಗೆ ಜಗ್ಗಿ ಅಗಲವಾದ ಹಾಗೆ, ಮಗು ಬೆಳೆಯುತ್ತಾ ಹೋದಂತೆ ಈ ಪೊರೆ ಹಿಗ್ಗುತ್ತದೆ. ಬಸುರಿಯರಲ್ಲಿ ಇದು ಸಹಜ. ಹೆರಿಗೆಯಾದ ಮೊದಲ ಎಂಟು ವಾರಗಳಲ್ಲಿ ತಾನಾಗಿ ಬಹಳಷ್ಟು ಕೂಡಿಕೊಳ್ಳುತ್ತದೆ. ಕೆಲವರಲ್ಲಿ, ಅದರಲ್ಲೂ ಎರಡನೆಯ ಮೂರನೆಯ ಹೆರಿಗೆಯ ಅನಂತರ, ಅಂತರ ಉಳಿದುಬಿಡುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಮೊಣಕಾಲು ಮಡಚಿ ಅಂಗಾತ ಮಲಗಿ, ಹೊಕ್ಕುಳಿನ ಮೇಲೆ ಬೆರಳ ತುದಿಗಳನ್ನು ಅಡ್ಡಕ್ಕೆ ಇಟ್ಟು, ತಲೆಯನ್ನು ಮಾತ್ರ ಸ್ವಲ್ಪ ಎತ್ತಿ. ಎರಡು ಕಡೆಯ ಸ್ನಾಯುಗಳು ಬಿಗಿಯಾಗಿ ಬೆರಳಿಗೆ ಸಿಗುತ್ತವೆ. ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲ ಇದ್ದರೆ ಅಂತರ ಉಳಿದಿದೆ ಎಂದರ್ಥ. ಅಗಲದಷ್ಟೇ ಆಳವನ್ನೂ ಗಮನಿಸಿ. ಬೆರಳು ಮೆತ್ತಗೆ ಒಳಗೆ ಇಳಿದುಹೋಗುತ್ತದೆಯೋ, ಅಡಿಯಲ್ಲಿ ಪೊರೆ ಬಿಗಿಯಾಗಿ ತಡೆಯುತ್ತದೆಯೋ? ತಡೆಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ.

ಅತ್ತೆಯವರ ಮಾತಿನ ಬಗ್ಗೆ: ಬಟ್ಟೆ ಕಟ್ಟಿದರೆ ಹೆರಿಗೆಯಾದ ಹೊಸದರಲ್ಲಿ ಸೊಂಟಕ್ಕೆ ಆಧಾರ ಸಿಗುತ್ತದೆ, ನಡೆಯಲು ಧೈರ್ಯ ಬರುತ್ತದೆ. ಅವರ ಕಾಲದ ಆ ಆರೈಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಟ್ಟೆ ಸ್ನಾಯುವಿಗೆ ಕೆಲಸ ಕಲಿಸುವುದಿಲ್ಲ, ತೀರಾ ಬಿಗಿದರೆ ಒತ್ತಡ ಕೆಳಕ್ಕೆ ಇಳಿದು ಗರ್ಭಕೋಶ, ಮೂತ್ರಕೋಶಗಳನ್ನು ಹೊತ್ತಿರುವ ತಳದ ಸ್ನಾಯುಗಳಿಗೆ ಭಾರವಾಗುತ್ತದೆ. ಕಟ್ಟದೆ ಇದ್ದದ್ದರಿಂದ ಹೀಗಾಯಿತು ಎಂಬ ಅಪರಾಧಭಾವ ನಿಮಗೆ ಬೇಡ. ಈ ಪುಟವನ್ನು ಅವರಿಗೂ ಓದಿ ಹೇಳಿ.

ಈಗ ಮಾಡಬೇಕಾದದ್ದು. ಮೊಣಕಾಲು ಮಡಚಿ ಮಲಗಿ, ಒಂದು ಕೈಯನ್ನು ಕೆಳಹೊಟ್ಟೆಯ ಮೇಲಿಡಿ. ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಹೊಟ್ಟೆ ಸಹಜವಾಗಿ ಏಳಲಿ. ಬಾಯಿಯಿಂದ ನಿಧಾನವಾಗಿ ಉಸಿರು ಬಿಡುತ್ತಾ, ಮೊದಲು ಮೂತ್ರ ತಡೆದುಕೊಳ್ಳುವಾಗ ಬಿಗಿಯುವ ಸ್ನಾಯುಗಳನ್ನು ಮೇಲಕ್ಕೆ ಎಳೆದುಕೊಳ್ಳಿ, ಜೊತೆಗೆ ಕೆಳಹೊಟ್ಟೆಯನ್ನು ಬೆನ್ನಿನ ಕಡೆಗೆ ಮೆಲ್ಲಗೆ ಸೆಳೆಯಿರಿ. ಐದು ಸೆಕೆಂಡು ಹಿಡಿದು ಬಿಡಿ. ಹತ್ತು ಸಲ ಮಾಡಿ, ದಿನಕ್ಕೆ ಎರಡು ಮೂರು ಹೊತ್ತು. ಮಗುವಿಗೆ ಹಾಲುಣಿಸುತ್ತಾ ಕುಳಿತಲ್ಲೂ ಇದನ್ನು ಮಾಡಬಹುದು. ಒಂದೆರಡು ವಾರ ಕಳೆದ ಮೇಲೆ ಅದೇ ಹಿಡಿತದಲ್ಲಿ ಒಂದು ಹಿಮ್ಮಡಿಯನ್ನು ನೆಲದ ಮೇಲೆಯೇ ಮುಂದಕ್ಕೆ ಜಾರಿಸಿ ಹಿಂದಕ್ಕೆ ತನ್ನಿ, ಅನಂತರ ಇನ್ನೊಂದನ್ನು. ನಯವಾದ ರೆಡ್‌ಆಕ್ಸೈಡ್ ನೆಲವಿದ್ದರೆ ಕಾಲುಚೀಲ ಹಾಕಿಕೊಂಡು ಮಾಡಿದರೆ ಸಲೀಸು.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಯಾವ ವ್ಯಾಯಾಮ ಮಾಡುವಾಗ ಆ ಏಣು ಎದ್ದು ಕಾಣುತ್ತದೆಯೋ ಅದು ಸದ್ಯಕ್ಕೆ ನಿಮ್ಮದಲ್ಲ. ಸಿಟ್‌ಅಪ್, ಎರಡೂ ಕಾಲನ್ನು ಒಟ್ಟಿಗೆ ಎತ್ತುವುದು, ನೌಕಾಸನ ಎಲ್ಲ ದೂರ ಇರಲಿ. ಹಾಸಿಗೆಯಿಂದ ನೇರ ಎದ್ದು ಕೂರಬೇಡಿ, ಮಗ್ಗುಲಾಗಿ ಕೈ ಊರಿ ಏಳಿ. ದಿನಕ್ಕೆ ಎಷ್ಟು ಸಲ ಏಳುತ್ತೀರಿ, ಎಷ್ಟು ಸಲ ಮಗುವನ್ನು ಎತ್ತುತ್ತೀರಿ ಎಂದು ಯೋಚಿಸಿ. ಎತ್ತುವ ಮೊದಲು ಉಸಿರು ಬಿಡುತ್ತಾ ಕೆಳಹೊಟ್ಟೆ ಸೆಳೆದುಕೊಂಡರೆ ಅದೇ ಒಂದು ದೊಡ್ಡ ವ್ಯಾಯಾಮ. ಕೆಲಸ ತಿಂಗಳುಗಳದ್ದು. ಕೆಲವರಲ್ಲಿ ಅಂತರ ಪೂರ್ತಿ ಮುಚ್ಚುವುದಿಲ್ಲ, ಆದರೂ ಹೊಟ್ಟೆ ಬಲವಾಗಿ ಬೆನ್ನುನೋವು ಹೋಗುತ್ತದೆ, ಅದು ಸಣ್ಣ ಲಾಭವಲ್ಲ. ಹೊಕ್ಕುಳಿನಲ್ಲಿ ಗಂಟು ಕಂಡರೆ, ಅದು ನೋಯುತ್ತಿದ್ದರೆ ಹರ್ನಿಯಾ ಇರಬಹುದು, ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಕೆಮ್ಮಿದಾಗ ಮೂತ್ರ ಜಿನುಗುತ್ತಿದ್ದರೆ ಮುಚ್ಚಿಟ್ಟುಕೊಳ್ಳಬೇಡಿ. ಅದಕ್ಕೆ ಪರಿಹಾರವಿದೆ, ನಾಚಿಕೆಯಿಂದ ಎಷ್ಟೋ ಹೆಂಗಸರು ವರ್ಷಗಟ್ಟಲೆ ಸಹಿಸಿಕೊಳ್ಳುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಹೊಟ್ಟೆಗೆ ಕಟ್ಟಿಕೊಳ್ಳುವ ಬೆವರಿನ ಬೆಲ್ಟ್ ಕೊಳ್ಳಬಹುದೇ? ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಕೊಬ್ಬು ಕರಗುತ್ತದೆಯೇ?
— ಓದುಗರು, ಹೊಸಂಗಡಿ

ಉತ್ತರ: ಕೊಳ್ಳಬೇಡಿ, ಕರಗುವುದಿಲ್ಲ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು, ಎರಡು ಲೋಟ ನೀರು ಕುಡಿದರೆ ಅದು ವಾಪಸ್ಸು. ಕೊಬ್ಬು ಹೊರಗೆ ಹೋಗುವ ದಾರಿ ಬೇರೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಹತ್ತು ಕಿಲೊ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಎಂದರೆ ಬೆಲ್ಟ್‌ಗಿಂತ ಏರುದಾರಿಯಲ್ಲಿ ಏದುಸಿರು ಬಿಡುತ್ತಾ ನಡೆಯುವುದು ಮೇಲು, ನಮ್ಮ ಊರುಗಳಲ್ಲಿ ಏರುದಾರಿಗೆ ಬರವಿಲ್ಲ. ಬಿಸಿನೀರು ಕುಡಿಯಿರಿ, ಜೇನು ಬಿಡಿ, ಅದೂ ಸಕ್ಕರೆಯೇ.

ಪ್ರಶ್ನೆ: ನನಗೆ 54 ವರ್ಷ. ಒಂದೂವರೆ ತಿಂಗಳಿನಿಂದ ಹೊಟ್ಟೆ ಉಬ್ಬಿಕೊಂಡಿದೆ. ಎರಡು ತುತ್ತು ಉಂಡರೆ ತುಂಬಿದ ಹಾಗಾಗುತ್ತದೆ. ಕೈಕಾಲು ಸಪೂರವಾಗಿದೆ. ಗ್ಯಾಸ್ ಎಂದು ಓಮದ ಕಷಾಯ ಕುಡಿಯುತ್ತಿದ್ದೇನೆ. ಯಾವ ವ್ಯಾಯಾಮ ಮಾಡಲಿ?
— ಓದುಗರು, ಮುಳ್ಳೇರಿಯ

ಉತ್ತರ: ಅಕ್ಕ, ಯಾವ ವ್ಯಾಯಾಮವೂ ಬೇಡ. ಈ ವಾರವೇ ವೈದ್ಯರ ಬಳಿಗೆ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಗ್ಯಾಸ್‌ನ ಉಬ್ಬರ ಬಂದು ಹೋಗುತ್ತದೆ, ಬೆಳಿಗ್ಗೆ ಕಡಿಮೆ ಇದ್ದು ಸಂಜೆ ಏರುತ್ತದೆ. ವಾರಗಟ್ಟಲೆ ಇಳಿಯದೆ ನಿಂತ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಮೈ ಇಳಿಯುವುದು ಇವು ಒಟ್ಟಿಗೆ ಬಂದರೆ ಹೊಟ್ಟೆಯಲ್ಲಿ ನೀರು ತುಂಬಿರಬಹುದು, ಅಂಡಾಶಯದಲ್ಲಿ ಗೆಡ್ಡೆ ಇರಬಹುದು. ಏನೂ ಇಲ್ಲದೆಯೂ ಇರಬಹುದು, ಆದರೆ ಅದನ್ನು ಸ್ಕ್ಯಾನ್ ಹೇಳಬೇಕು, ಕಷಾಯ ಹೇಳಲಾರದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದ್ದರೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮನೆಯವರಿಗೆ ಬಿಡುವಾಗಲಿ ಎಂದು ಕಾಯಬೇಡಿ. ಒಬ್ಬರೇ ಬಸ್ಸು ಹತ್ತಿಯಾದರೂ ಹೋಗಿ.

ಪ್ರಶ್ನೆ: 58 ವರ್ಷ. ಬಹಳ ಕಾಲ ಗಲ್ಫ್‌ನಲ್ಲಿದ್ದು ಈಗ ಊರಿನಲ್ಲಿ ತೋಟ ನೋಡಿಕೊಳ್ಳುತ್ತಿದ್ದೇನೆ. ಎತ್ತರ 168 ಸೆಂಟಿಮೀಟರ್, ತೂಕ 64 ಕಿಲೊ, ಹೊಟ್ಟೆ ಮಾತ್ರ 96 ಸೆಂಟಿಮೀಟರ್. ಸಕ್ಕರೆ ಅಂಶ ಅಂಚಿನಲ್ಲಿದೆ ಎಂದಿದ್ದಾರೆ. ದಿನಾ ತೋಟದಲ್ಲಿ ತಿರುಗುತ್ತೇನೆ, ಕುಚ್ಚಲಕ್ಕಿಯೇ ಉಣ್ಣುತ್ತೇನೆ. ಒಳ್ಳೆಯದೆಂದು ಕೇಳಿ ಬೆಳಿಗ್ಗೆ ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಕುಡಿಯುತ್ತೇನೆ. ತೂಕ ಸರಿಯಾಗಿಯೇ ಇದೆಯಲ್ಲ?
— ಕೃಷಿಕರು, ಕುಂಬಳೆ

ಉತ್ತರ: ತೂಕ ಸರಿಯಾಗಿಯೇ ಇದೆ. ಸರಿಯಾಗಿಲ್ಲದ್ದು ಆ ತೂಕದ ಒಳಗಿನ ಹಂಚಿಕೆ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ಇಬ್ಬರದೇ ಚಿತ್ರವನ್ನು ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತ, ಎಂದರೆ ಬಿಎಂಐ, ಇಬ್ಬರದೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2. ನಮ್ಮವರು ನೋಡಲು ತೆಳ್ಳಗಿದ್ದರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ಹೊಟ್ಟೆಯೊಳಗೆ, ಯಕೃತ್ತು ಕರುಳುಗಳ ಸುತ್ತ ಕೂರುವ ಸ್ವಭಾವದ್ದು. ಚರ್ಮದ ಕೆಳಗಿನ ಕೊಬ್ಬಿಗಿಂತ ಈ ಒಳಗಿನ ಕೊಬ್ಬೇ ಸಕ್ಕರೆ ಕಾಯಿಲೆಗೆ ಹತ್ತಿರದ ನೆಂಟ. ನಿಮ್ಮ ಬಿಎಂಐ 22.7, ಭಾರತೀಯರಿಗೆ ಹಾಕಿರುವ 23ರ ಗೆರೆಯ ಒಳಗೇ ಇದೆ. ಆದರೆ ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ನಿಮಗೆ 84 ಸೆಂಟಿಮೀಟರ್. ಹನ್ನೆರಡು ಸೆಂಟಿಮೀಟರ್ ಮುಂದಿದ್ದೀರಿ.

ಎಣ್ಣೆ ಕುಡಿಯುವುದನ್ನು ನಿಲ್ಲಿಸಿ. ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಎಂದರೆ 240 ಕ್ಯಾಲೊರಿ. ಅದರ ಕೊಬ್ಬಿನಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ ಕೊಬ್ಬು, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ತೆಂಗನ್ನು ತೆಗಳುವುದು ನನ್ನ ಉದ್ದೇಶವಲ್ಲ, ತೋಟಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯೇ ಇರುವ ಜಿಲ್ಲೆಯವಳು ನಾನು. ಒಗ್ಗರಣೆಗೆ ತೆಂಗಿನೆಣ್ಣೆಯೇ ಇರಲಿ, ಪಲ್ಯಕ್ಕೆ ಒಂದು ಹಿಡಿ ತುರಿ ಇರಲಿ. ಔಷಧವೆಂದು ಕುಡಿಯುವುದು ಮಾತ್ರ ಬೇಡ.

ಕುಚ್ಚಲಕ್ಕಿ ಬೆಳ್ತಿಗೆಗಿಂತ, ಎಂದರೆ ಬಿಳಿ ಅಕ್ಕಿಗಿಂತ, ಒಳ್ಳೆಯದು ನಿಜ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳು ಕಾಳಿನ ಒಳಗೆ ಇಳಿಯುತ್ತವೆ, ಸಕ್ಕರೆಯೂ ಅಷ್ಟು ಬೇಗ ಏರುವುದಿಲ್ಲ. ಆದರೆ ಒಳ್ಳೆಯ ಅಕ್ಕಿ ಎಂಬ ಧೈರ್ಯದಲ್ಲಿ ಗುಡ್ಡೆ ಹಾಕಿಕೊಂಡು ಉಂಡರೆ ಆ ಲಾಭ ಉಳಿಯುವುದಿಲ್ಲ. ಉಣ್ಣುವ ಕ್ರಮ ಬದಲಾಯಿಸಿ. ತಟ್ಟೆಗೆ ಮೊದಲು ಬೀಳಬೇಕಾದದ್ದು ತೊಂಡೆಕಾಯಿ, ಅಲಸಂಡೆ, ಹರಿವೆ, ಯಾವುದಾದರೂ ಪಲ್ಯ, ಅರ್ಧ ತಟ್ಟೆ. ಆಮೇಲೆ ಬೇಳೆಯೋ ಮೀನೋ. ಉಳಿದ ಜಾಗಕ್ಕೆ ಅನ್ನ. ಮಳೆಗಾಲದ ಹುರುಳಿ ಸಾರನ್ನು ಕಾಳು ತೆಗೆದು ಬರೀ ತಿಳಿ ಮಾಡಬೇಡಿ, ಕಾಳೂ ಹೊಟ್ಟೆಗೆ ಹೋಗಲಿ. ಹಪ್ಪಳ ಹಬ್ಬಕ್ಕಿರಲಿ.

ನಿಮ್ಮ ವಯಸ್ಸಿನಲ್ಲಿ ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೆಂದು ಹೇಳುತ್ತೇನೆ. ಎರಡು ಮೊಟ್ಟೆಗೆ 12 ಗ್ರಾಂ, 100 ಗ್ರಾಂ ಬೂತಾಯಿ ಮೀನಿಗೆ 20, 50 ಗ್ರಾಂ ಹುರುಳಿಗೋ ಹೆಸರಿಗೋ 11, ಹಾಲು ಮೊಸರು ಸೇರಿ ಎರಡು ಲೋಟಕ್ಕೆ 12. ಉಳಿದದ್ದು ಅನ್ನ ದೋಸೆಗಳಿಂದಲೇ ಬರುತ್ತದೆ. ಮೀನು ಮೊಟ್ಟೆ ತಿನ್ನದ ಮನೆಯಾದರೆ ಕಾಳಿನ ಮತ್ತು ಮೊಸರಿನ ಪಾಲು ಹೆಚ್ಚಬೇಕು.

ತೋಟದಲ್ಲಿ ತಿರುಗುವುದು ಒಳ್ಳೆಯದೇ, ಆದರೆ ಬುಡ ನೋಡುತ್ತಾ ನಿಂತು ನಡೆಯುವ ಆ ನಡಿಗೆಯಿಂದ ಸ್ನಾಯು ಬೆಳೆಯುವುದಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು, ಒಂದು ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಆ ಕಡೆ ವಾಲದೆ ಅಂಗಳದ ಉದ್ದಕ್ಕೂ ನಡೆದು ಕೈ ಬದಲಿಸಿ ಹಿಂತಿರುಗುವುದು, ಇವನ್ನು ವಾರಕ್ಕೆ ಮೂರು ದಿನ ಮಾಡಿ. ಬಕೆಟ್ಟಿನ ನಡಿಗೆಯಲ್ಲಿ ಹೊಟ್ಟೆಯ ಪಕ್ಕದ ಸ್ನಾಯುಗಳು ದುಡಿಯುವಷ್ಟು ಸಿಟ್‌ಅಪ್‌ನಲ್ಲಿ ದುಡಿಯುವುದಿಲ್ಲ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದ ಸಕ್ಕರೆ ಏರುವುದು ತಗ್ಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯನ್ನು ಈಗ ಒಮ್ಮೆ ಮಾಡಿಸಿ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ. ಮಾತ್ರೆ ಶುರುವಾಗಿದ್ದರೆ ಊಟ ತಗ್ಗಿಸುವ ಮೊದಲು ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಪದವಿ ವಿದ್ಯಾರ್ಥಿ, 19 ವರ್ಷ. ಯಕ್ಷಗಾನದ ತೆಂಕುತಿಟ್ಟಿನ ನಾಟ್ಯ ಕಲಿಯುತ್ತಿದ್ದೇನೆ. ಜಿಗಿದು ಗಾಳಿಯಲ್ಲಿ ಸುತ್ತುವ ಧೀಂಗಿಣ ಹಾಕುವಾಗ ಐದಾರು ಸುತ್ತಿಗೇ ಸೊಂಟ ಸಡಿಲವಾಗಿ ತಾಳ ತಪ್ಪುತ್ತದೆ. ಸಿಕ್ಸ್ ಪ್ಯಾಕ್ ಕೂಡ ಬೇಕೆಂಬ ಆಸೆ ಇದೆ. ಪ್ರೋಟೀನ್ ಪುಡಿ ತೆಗೆದುಕೊಳ್ಳಲೇ?
— ವಿದ್ಯಾರ್ಥಿ, ನೀರ್ಚಾಲು

ಉತ್ತರ: ಆ ಆರು ಕಟ್ಟು ನಿನ್ನಲ್ಲಿ ಈಗಲೇ ಇದೆ. ಹೊಟ್ಟೆಯ ಉದ್ದ ಸ್ನಾಯುವಿನ ಅಡ್ಡಕ್ಕೆ ಇರುವ ಗೆರೆಗಳು ಹುಟ್ಟಿನಿಂದಲೇ ಬಂದವು. ಮೇಲಿನ ಕೊಬ್ಬು ತೀರಾ ತೆಳುವಾದಾಗ ಅವು ಕಾಣುತ್ತವೆ, ಅಷ್ಟೇ. ಕಾಣುವುದಕ್ಕೂ ಬಲಕ್ಕೂ ಸಂಬಂಧ ಕಡಿಮೆ. ಪುಡಿಗೆ ಕೊಡುವ ಹಣದಲ್ಲಿ ಮೊಟ್ಟೆ, ಕಡಲೆ, ನೆಲಗಡಲೆ ತಿನ್ನು.

ಧೀಂಗಿಣದ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಅದಕ್ಕೆ ಮನಸ್ಸಿಟ್ಟು ಉತ್ತರಿಸುತ್ತೇನೆ. ಗಾಳಿಯಲ್ಲಿ ಸುತ್ತುವಾಗ ನಿನ್ನ ಪಕ್ಕೆಲುಬಿನ ಗೂಡು ಮತ್ತು ಸೊಂಟದ ಮೂಳೆ ಒಟ್ಟಿಗೆ ತಿರುಗಬೇಕು. ಅವೆರಡನ್ನೂ ಹಿಡಿದು ಕಟ್ಟುವುದು ಹೊಟ್ಟೆಯ ಪಕ್ಕದ ಓರೆ ಸ್ನಾಯುಗಳು ಮತ್ತು ಅವುಗಳ ಒಳಗೆ ನಡುವನ್ನು ಸುತ್ತಿರುವ ಅಡ್ಡ ಸ್ನಾಯು. ಅವು ದಣಿದ ಕ್ಷಣದಲ್ಲಿ ಎದೆ ಮುಂದೆ ಹೋಗಿ ಸೊಂಟ ಹಿಂದೆ ಉಳಿಯುತ್ತದೆ. ನಿನಗೆ ಸಡಿಲ ಅನಿಸುವುದು ಅದೇ.

ಉಪ್ಪಳದವರಿಗೆ ಹೇಳಿದ ಮೂರು ವ್ಯಾಯಾಮಗಳಲ್ಲಿ ಮಗ್ಗುಲಿನದ್ದು ನಿನಗೆ ಮುಖ್ಯ. ನೀನು ಮೊಣಕಾಲು ಮಡಚದೆ, ಪಾದದ ಬದಿಯ ಮೇಲೆ ದೇಹ ಹೊತ್ತು ಮಾಡು. ಜೊತೆಗೆ ಒಂಟಿ ಕಾಲಿನಲ್ಲಿ ನಿಂತು ಕುಳಿತು ಏಳುವ ಅಭ್ಯಾಸ, ಬಕೆಟ್ ನಡಿಗೆ, ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು. ವೇಷ ಕಟ್ಟಿದ ಮೇಲೆ ಹೊಟ್ಟೆ ಹಿಗ್ಗಿಸಿ ಉಸಿರಾಡಲು ಜಾಗ ಇರುವುದಿಲ್ಲ. ಆದ್ದರಿಂದ ಅಭ್ಯಾಸದಲ್ಲೂ ಸೊಂಟಕ್ಕೆ ಶಾಲು ಬಿಗಿದುಕೊಂಡು, ಪಕ್ಕೆಲುಬು ಅಗಲಿಸಿ ಉಸಿರಾಡುವುದನ್ನು ರೂಢಿಸಿಕೋ. ಉಸಿರು ಕಟ್ಟಿ ಸುತ್ತಿದರೆ ಐದಾರಕ್ಕೇ ದಮ್ಮು ಹೋಗುತ್ತದೆ. ಇಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರಲಿ, ಕಾಂಕ್ರೀಟ್ ತಾರಸಿಯ ಮೇಲೆ ಅಭ್ಯಾಸ ಬೇಡ, ಮಣ್ಣಿನ ಅಂಗಳ ಹುಡುಕು. ಸುತ್ತುಗಳನ್ನು ವಾರಕ್ಕೆ ಒಂದರಂತೆ ಏರಿಸು. ರಾತ್ರಿಯಿಡೀ ಆಟ ನೋಡಿದ ಮರುದಿನ ಅಭ್ಯಾಸ ಬಿಡು, ನಿದ್ದೆ ಮಾಡು. ನಿದ್ದೆ ಕೆಟ್ಟ ದಿನ ಹಸಿವೂ ಹೆಚ್ಚು, ಕಾಲು ಉಳುಕುವುದೂ ಹೆಚ್ಚು. ಮೊಣಕಾಲಿನ ಚಿಪ್ಪಿನ ಕೆಳಗೆ ಒತ್ತಿದರೆ ನೋಯುತ್ತಿದ್ದರೆ ನಿನ್ನ ಗುರುಗಳಿಗೆ ಹೇಳಿ ಎರಡು ವಾರ ಜಿಗಿತ ನಿಲ್ಲಿಸು. ಆ ಎರಡು ವಾರ ಚಾಪೆಯ ವ್ಯಾಯಾಮವನ್ನೂ ಹೆಜ್ಜೆಯ ಅಭ್ಯಾಸವನ್ನೂ ಮುಂದುವರಿಸಬಹುದು.